ಮಿಕ್ಕ ನೂಲು

ಹಲ್ಲುಜ್ಜುವಾಗಲೇ ನವನೀತನ್‌ಗೆ ಇವತ್ತು ಹೋಗಬಾರದು ಅನ್ನಿಸಿತ್ತು. ಸ್ನಾನ ಮಾಡುವಾಗ, ಹೋಗದಿದ್ದರೆ ಇನ್ನೂ ಕೆಟ್ಟದಾಗುತ್ತದೆ ಅನ್ನಿಸಿತು. ಇಡ್ಲಿಯ ಮುಂದೆ ಕೂತು, ಜ್ವರವೆಂದು ಆ ಹುಡುಗಿಗೆ ಒಂದು ಫೋನು ಮಾಡಿಬಿಟ್ಟರೆ ತೀರಿತಲ್ಲ ಎಂದುಕೊಂಡು ಹಣೆ ಮುಟ್ಟಿ ನೋಡಿಕೊಂಡ. ಹಣೆ ತಣ್ಣಗಿತ್ತು. ಅರವತ್ತೆರಡು ವರ್ಷದ ತಾನು ಒಂದು ಸುಳ್ಳು ಹೇಳುವುದಕ್ಕೂ ಮೈಯ ಅಪ್ಪಣೆ ಕೇಳುತ್ತಿದ್ದೇನಲ್ಲ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು. ದೊಡ್ಡ ಸುಳ್ಳೊಂದನ್ನು ಏಳು ವರ್ಷದಿಂದ ಯಾರ ಅಪ್ಪಣೆಯೂ ಇಲ್ಲದೆ ಹೊತ್ತು ತಿರುಗಿದವನಿಗೆ ಈ ಸಣ್ಣದು ಬಾಯಿಗೆ ಬರುತ್ತಿರಲಿಲ್ಲ. ಚಟ್ನಿ ಬಡಿಸುತ್ತಿದ್ದ ಹೆಂಡತಿ ಗೋಮತಿ ಅವನ ಕೈ ಎರಡನೇ ಸಲ ಹಣೆಗೆ ಹೋದದ್ದನ್ನು ನೋಡಿ, ತಮಿಳು ಬೆರೆತ ಮನೆಗನ್ನಡದಲ್ಲಿ ಕೇಳಿದಳು.

"ಏನುಂಗ, ಒಡಂಬು ಸೆರಿಯಿಲ್ವಾ?"

"ಏನಿಲ್ಲ."

"ಏನಿಲ್ಲಾಂದ್ರೆ ಇನ್ನೆರಡು ತಿನ್ನಿ. ಅನ್ನೂರಲ್ಲಿ ಅಕ್ಕನೂ ಇಲ್ಲ, ಮದ್ಯಾನ ನಿಮ್ಗೆ ಯಾರು ಸೋರು ಇಕ್ತಾರೆ?"

ಅಕ್ಕ ಊರಲ್ಲಿಲ್ಲ. ಆ ಒಂದು ಮಾತನ್ನು ನೆಚ್ಚಿಕೊಂಡೇ ಅವನು ಈ ಬುಧವಾರವನ್ನು ಆರಿಸಿದ್ದ. ಅವನಿಗಿಂತ ಆರು ವರ್ಷ ದೊಡ್ಡವಳಾದ ಸಾಂತಿ ಅಕ್ಕ, ಚಿಕ್ಕಪ್ಪನ ಮಗ ಪಳನಿಸಾಮಿಯ ಮೊಮ್ಮಗಳಿಗೆ ಕಿವಿ ಚುಚ್ಚುವ ಕಾರ್ಯಕ್ಕೆಂದು ನಿನ್ನೆಯೇ ವೆಳ್ಳಕೋಯಿಲಿಗೆ ಹೋಗಿರುತ್ತಾಳೆ. ಹುಡುಗಿಯನ್ನು ಅನ್ನೂರಿನ ನೇಕಾರರ ಬೀದಿಗೆ ಕರೆದುಕೊಂಡು ಹೋಗಿ, ನಾಲ್ಕು ಮಗ್ಗ ತೋರಿಸಿ, ಯಾರಾದರೂ ಮಾತಿನ ಚಟದ ಮುದುಕನ ಮುಂದೆ ಕೂರಿಸಿ, ಹೊತ್ತು ಮುಳುಗುವುದರೊಳಗೆ ಕೊಯಮತ್ತೂರಿಗೆ ಮರಳಿದರೆ ಯಾರಿಗೂ ಏನೂ ಆಗುವುದಿಲ್ಲ. ಹೀಗೆ ಲೆಕ್ಕ ಹಾಕಿದವನು ತಾನೇ ಎಂಬುದು ಹೊಳೆದು ಕೈಯಲ್ಲಿದ್ದ ಇಡ್ಲಿಯ ತುಂಡನ್ನು ತಟ್ಟೆಗೇ ಹಾಕಿದ. ಒಡಹುಟ್ಟಿದವಳು ಮನೆಯಲ್ಲಿಲ್ಲದ ದಿನ ನೋಡಿಕೊಂಡು ಅವಳ ಬೀದಿಗೆ ಹೋಗುವವನನ್ನು ಏನೆಂದು ಕರೆಯುತ್ತಾರೆ ಎಂದು ಯೋಚಿಸಿ, ನೀರು ಕುಡಿದು ಎದ್ದ.

ಹುಡುಗಿ ತಮಿಳ್‌ಸೆಲ್ವಿ ಗಾಂಧಿಪುರದ ಬಸ್‌ಸ್ಟ್ಯಾಂಡಿನಲ್ಲಿ ಮೊದಲೇ ಬಂದು ನಿಂತಿದ್ದಳು. ಇಪ್ಪತ್ತಾರೋ ಇಪ್ಪತ್ತೇಳೋ ಇರಬಹುದು. ಕಾಲೇಜಿನಲ್ಲಿ ಈಶ್ವರನ್ ಅವರ ಕಾದಂಬರಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ಹೆಗಲ ಚೀಲದಲ್ಲಿ ಅವರ ಕೊನೆಯ ಕಾದಂಬರಿ ಇದೆ ಎಂದು ಅವನಿಗೆ ಚೀಲದ ಆಕಾರದಿಂದಲೇ ತಿಳಿಯಿತು. ಅದರ ದಪ್ಪವನ್ನು ಅವನು ಕಣ್ಣುಮುಚ್ಚಿ ಹೇಳಬಲ್ಲ. ಕೊಯಮತ್ತೂರಿನ ಕಡೆ ಈಶ್ವರನ್ ಎಂದರೆ ಓದದವರಿಗೂ ಗೊತ್ತು. ತಮಿಳಿನಲ್ಲಿ ಹದಿನಾಲ್ಕು ಕಾದಂಬರಿ ಬರೆದು, ಹದಿನೈದನೆಯದರ ಇಪ್ಪತ್ತೆರಡನೇ ಅಧ್ಯಾಯದ ನಡುವೆ ಒಂದು ವಾಕ್ಯವನ್ನು ಅರ್ಧಕ್ಕೆ ಬಿಟ್ಟು ತೀರಿಕೊಂಡವರು. ನವನೀತನ್ ಅಚ್ಚುಕೂಟದಲ್ಲಿ ಇಪ್ಪತ್ತು ವರ್ಷ ಅವರ ಕರಡು ತಿದ್ದಿದವನು. ಅವನ ಹೆಸರಿನಲ್ಲೂ ಎರಡು ಕಥಾಸಂಕಲನ ಬಂದಿದ್ದವು. ಎರಡನೆಯದರ ಕಟ್ಟುಗಳು ಈಗಲೂ ಮಂಚದ ಕೆಳಗಿವೆ, ಗೋಮತಿ ಅವುಗಳ ಮೇಲೆ ಈರುಳ್ಳಿ ಹರಡುತ್ತಾಳೆ. ಅಚ್ಚುಕೂಟದಲ್ಲಿ ಎಲ್ಲರೂ ದೊಡ್ಡವರು ಎನ್ನುತ್ತಿದ್ದ ಈಶ್ವರನ್ ಸತ್ತ ಮೂರನೇ ತಿಂಗಳು ಪ್ರಕಾಶಕ ಗುರುಸಾಮಿ ಅವನನ್ನು ಕೋಣೆಗೆ ಕರೆದು, ಫ್ಯಾನು ಜೋರು ಮಾಡಿ, "ಅವರ ಕೈ ನಿಮಗೆ ಗೊತ್ತು. ನೇಕಾರರ ಮನೆಯೂ ಗೊತ್ತು. ಮುಗಿಸಿಕೊಡಿ" ಎಂದಿದ್ದ. ಮುಗಿಸಿಕೊಟ್ಟ. ಏಳು ಅಧ್ಯಾಯ. ಪುಸ್ತಕದ ಎರಡನೇ ಪುಟದಲ್ಲಿ, ಅಚ್ಚುಕೂಟದ ವಿಳಾಸದ ಕೆಳಗೆ, 'ಲೇಖಕರ ಟಿಪ್ಪಣಿಗಳಿಂದ ಕೊನೆಯ ಭಾಗವನ್ನು ಜೋಡಿಸಿದವರು ನವನೀತನ್' ಎಂದು ಸಣ್ಣಕ್ಷರದಲ್ಲಿ ಬಂತು. ಟಿಪ್ಪಣಿ ಎಂಬುದೇ ಇರಲಿಲ್ಲ. ದೊಡ್ಡವರ ಮೇಜಿನ ಖಾನೆಯಲ್ಲಿ ಸಿಕ್ಕಿದ್ದು ಒಂದು ಚೀಟಿ, ಅದರಲ್ಲಿ ಇದ್ದದ್ದು ಎರಡು ಮಾತ್ರೆಗಳ ಹೆಸರು.

ಬಸ್ಸು ಸರವಣಂಪಟ್ಟಿ ದಾಟುವ ತನಕ ತಮಿಳ್‌ಸೆಲ್ವಿ ತನ್ನ ಗೈಡಿನ ವಿಷಯ, ಹಾಸ್ಟೆಲಿನ ವಿಷಯ ಹೇಳುತ್ತಿದ್ದಳು. ಅವಳು ಮಾತುಮಾತಿಗೆ 'ಸಾರ್' ಎನ್ನುವುದು ಅವನಿಗೆ ಹಿತವಾಗಿತ್ತು. ಹಿತವಾಗುತ್ತಿದೆ ಎಂಬುದು ಗೊತ್ತಾಗಿ ಕಿಟಕಿಯ ಕಡೆ ತಿರುಗಿದ. ಕಾದಂಬರಿಯಲ್ಲಿ ಬರುವಂಥ ನೇಕಾರರ ಬೀದಿ ತೋರಿಸಿ ಎಂದು ಫೋನಿನಲ್ಲಿ ಮೊದಲ ಸಲ ಕೇಳಿದಾಗಲೇ ಇವಳನ್ನು ತಪ್ಪಿಸಬಹುದಿತ್ತು. ಆದರೆ ಇವಳು, "ಸಾರ್, ಕೊನೆಯ ಏಳು ಅಧ್ಯಾಯಗಳಂಥದ್ದು ಈಶ್ವರನ್ ಐಯಾ ಅದಕ್ಕೆ ಮುಂಚೆ ಬರೆದೇ ಇರಲಿಲ್ಲ, ಸಾಯುವ ಮುಂಚೆ ಅವರಿಗೆ ಏನೋ ಕಣ್ಣು ತೆರೆದಿರಬೇಕು" ಎಂದುಬಿಟ್ಟಿದ್ದಳು. ಆ ಮಾತಿನ ನಂತರ ಅವನು ಅವಳಿಗೆ ಯಾವುದಕ್ಕೂ ಇಲ್ಲವೆನ್ನುವ ಸ್ಥಿತಿಯಲ್ಲಿರಲಿಲ್ಲ. ಮೂರು ದಿನ ಮನೆಯಲ್ಲಿ ಸುಮ್ಮಸುಮ್ಮನೆ ನಕ್ಕಿದ್ದ. ಗೋಮತಿ ಏನೆಂದು ಕೇಳಿದ್ದಕ್ಕೆ ಟೀವಿಯ ಕಡೆ ಬೆರಳು ತೋರಿಸಿದ್ದ. ಈಗ ಕೋವಿಲ್‌ಪಾಳ್ಯಂ ಸಮೀಪಿಸುತ್ತಿದ್ದಾಗ ಅವಳು ಸ್ವಲ್ಪ ದನಿ ತಗ್ಗಿಸಿ ಕೇಳಿದಳು:

"ಸಾರ್, ತಪ್ಪು ತಿಳಿಯಬೇಡಿ. ಆ ಏಳರಲ್ಲಿ ನಿಮ್ಮದು ಎಷ್ಟು?"

ಹೇಳು, ಎಂದಿತು ಒಳಗೆ ಯಾವುದೋ. ಏಳು ವರ್ಷದಲ್ಲಿ ಇದನ್ನು ಕೇಳಿದವರು ಯಾರೂ ಇಲ್ಲ. ಇನ್ನು ಕೇಳುವವರೂ ಇಲ್ಲ. ಎಲ್ಲವೂ ನನ್ನದಮ್ಮ, ಒಂದೊಂದು ಅಕ್ಷರವೂ ನನ್ನದು, ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಅಷ್ಟು ಹೇಳಿದರೆ ಮರುಪ್ರಶ್ನೆ ಬರುತ್ತದೆ. ಹಾಗಾದರೆ ಪಾವು ಕತ್ತರಿಸುವ ಆ ದೃಶ್ಯ ನಿಮಗೆ ಎಲ್ಲಿಂದ ಬಂತು ಸಾರ್?

"ನನ್ನದೇನಿದೆ," ಎಂದ. "ಕಾಮಾ, ಪೂರ್ಣವಿರಾಮ."

ಅವಳು ನಕ್ಕಳು. ನಂಬಿದಳು. ಅಷ್ಟು ಬೇಗ ನಂಬಿದ್ದು ಅವನಿಗೆ ಚುಚ್ಚಿತು.

ಮಗ್ಗದ ಮೇಲೆ ಹಾಸಿದ ಪಾವನ್ನು, ಅಂದರೆ ಸೀರೆಯ ಉದ್ದಕ್ಕೂ ಎಳೆದು ಕಟ್ಟಿದ ನೂಲನ್ನು, ನೇಯ್ಗೆಯ ನಡುವೆ ಕತ್ತರಿಸುವುದೆಂದರೆ ನೇಕಾರರ ಮನೆಯಲ್ಲಿ ಕೊಲೆಗಿಂತ ಒಂದು ಕೂದಲೆಳೆ ಕಡಿಮೆ. ಕತ್ತರಿಸಿದ ಕೈಯನ್ನು ಮತ್ತೆ ಯಾರೂ ತಮ್ಮ ಮಗ್ಗದ ಹತ್ತಿರ ಸೇರಿಸುವುದಿಲ್ಲ. ಕಾದಂಬರಿಯ ಇಪ್ಪತ್ತನಾಲ್ಕನೇ ಅಧ್ಯಾಯದಲ್ಲಿ ರಂಗನಾಯಕಿ ಎಂಬ ಹೊಸ ಸೊಸೆ, ಮನೆಯವರೆಲ್ಲ ಉಂಡು ಮಲಗಿದ ಮಧ್ಯಾಹ್ನ, ಕೈಕಾಲು ತೊಳೆದುಕೊಂಡು ಬಂದು, ಗಂಡನ ಮಗ್ಗದ ಪಾವನ್ನು ಎಡದಿಂದ ಬಲಕ್ಕೆ ಕತ್ತರಿಸಿ, ತಲೆಯೆತ್ತಿ ಬೀದಿಯಲ್ಲಿ ನಡೆದುಹೋಗುತ್ತಾಳೆ. ಅದನ್ನು ನಾಟಕ ಮಾಡಿದರು, ನೋಡಲು ಅವನು ಹೋಗಲಿಲ್ಲ. ಒಂದು ಹೆಣ್ಣುಮಕ್ಕಳ ಸಂಘ ಕ್ಯಾಲೆಂಡರಿಗೆ ಹಾಕಿತು. ನಿಜವಾಗಿ ಕತ್ತರಿಸಿದವಳು ಸಾಂತಿ ಅಕ್ಕ. ನಲವತ್ತಾರು ವರ್ಷದ ಹಿಂದೆ ಪುಳಿಯಂಪಟ್ಟಿಗೆ ಮದುವೆಯಾಗಿ ಹೋದವಳು ಹನ್ನೊಂದನೇ ದಿನ ಒಂದು ಬಟ್ಟೆಗಂಟಿನೊಡನೆ ಹಿಂದಿರುಗಿದಳು. ಹೊಸ ಪಾವಿನ ಮೂರು ಸಾವಿರದಷ್ಟು ಎಳೆಗಳನ್ನು ಹಳೆಯದರ ತುದಿಗೆ ಒಂದೊಂದಾಗಿ ಹೊಸೆದು ಕೂಡಿಸುವುದು ಹೆಂಗಸರ ಕೆಲಸ; ಆ ಹನ್ನೊಂದು ದಿನದಲ್ಲಿ ಅವಳಿಂದ ಅದನ್ನು ಮೂರು ಸಲ ಮಾಡಿಸಿದ್ದರು. ಅವಳು ಕೂಡಿಸಿದ್ದನ್ನು ಗಂಡ ದೀಪ ಹಿಡಿದು ಎಳೆಯೆಳೆ ಜಗ್ಗಿ ನೋಡುವನು. ಒಂದೆರಡು ಸಡಿಲವಾಗಿದ್ದರೆ ಅತ್ತೆ, "ಎಲ್ಲ ಬಿಚ್ಚು, ಮೊದಲಿಂದ ಕಟ್ಟು" ಎನ್ನುವಳು. ನಾಲ್ಕನೆಯ ಸಲ ಹೇಳಿದ ದಿನ ಅವಳು ಕತ್ತರಿ ತೆಗೆದುಕೊಂಡಳು. ಸೊಸೆ ಕತ್ತರಿಸಿದಳೆಂದರೆ ಮಗ್ಗಕ್ಕೇ ದೋಷವೆಂದು ಆ ಮನೆಯವರು ಇಲಿ ಕಡಿಯಿತು ಎಂದು ಸಾರಿದರು. ಈ ಮನೆಯವರೂ ಇಲಿ ಎಂದೇ ಒಪ್ಪಿದರು. ಕಾಲಿಟ್ಟ ಕೂಡಲೇ ಪಾವಿಗೆ ಇಲಿ ಬಿದ್ದ ಸೊಸೆ ಎಂಬ ಹೆಸರು ಹೊತ್ತು ಅಕ್ಕ ಉಳಿದಳು. ಇಲಿಯಲ್ಲ ಎಂಬುದನ್ನು ಅವಳು ಹೇಳಿದ್ದು ತಮ್ಮನೊಬ್ಬನಿಗೆ. ಅವನಿಗೆ ಆಗ ಹದಿನಾರು, ಮಗ್ಗದ ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ಕೇಳಿದ್ದ. ಯಾರಿಗೂ ಹೇಳೊಲ್ಲ ಅಕ್ಕ, ಎಂದಿದ್ದ. ಯಾರಿಗೂ ಹೇಳಲೂ ಇಲ್ಲ, ಅಚ್ಚು ಹಾಕಿಸಿದ.

ಇಷ್ಟೇ ಆಗಿದ್ದರೆ ಅವನು ಹೇಗೋ ನಿದ್ದೆ ಮಾಡುತ್ತಿದ್ದನೇನೋ. ಕೊನೆಯ ಅಧ್ಯಾಯ ಇನ್ನೂ ಕೆಟ್ಟದು. ಹೊಸ ಪಾವು ಕೂಡಿಸುವಾಗ ಮೊದಲ ನೂಲನ್ನು ಮುತ್ತೈದೆಯೊಬ್ಬಳು ಕಟ್ಟಿಕೊಡಬೇಕು, ಆಮೇಲೆ ಮಿಕ್ಕ ನೂಲನ್ನು ಯಾರು ಕಟ್ಟಿದರೂ ಆಗುತ್ತದೆ. ಬೀದಿಯಲ್ಲಿ ಅಕ್ಕನಷ್ಟು ನಯವಾಗಿ, ಬೇಗ ಕೂಡಿಸುವ ಕೈ ಇನ್ನೊಂದಿಲ್ಲ. ಬದುಕು ಸಾಗಿಸಿದ್ದೇ ಅದರಿಂದ. ಆದರೆ ಎಲ್ಲ ಮನೆಯಲ್ಲೂ ಮೊದಲ ನೂಲಿನ ಹೊತ್ತಿಗೆ ಅವಳು ಹೊರಗೆ ಜಗಲಿಯ ತಿಣ್ಣೆಯ ಮೇಲೆ ಕೂತಿದ್ದು, ಕರೆದ ಮೇಲೆ ಒಳಗೆ ಬರುತ್ತಾಳೆ. ಕಾದಂಬರಿಯ ಕೊನೆಯಲ್ಲಿ ಬೀದಿಯ ಹೆಂಗಸರೆಲ್ಲ ಸೇರಿ ರಂಗನಾಯಕಿಯನ್ನು ಕೈಹಿಡಿದು ಕರೆತಂದು ಮೊದಲ ನೂಲನ್ನು ಅವಳಿಂದಲೇ ಕಟ್ಟಿಸುತ್ತಾರೆ. ಆ ಪುಟ ಓದಿ ಅತ್ತೆವು ಎಂದು ಗುರುಸಾಮಿಗೆ ಇನ್ನೂರು ಕಾಗದ ಬಂದವು. ಬರೆಯುವಾಗ ನವನೀತನ್ ತಾನೂ ಅತ್ತಿದ್ದ. ಅಳುವಾಗಲೂ ತನ್ನ ಮದುವೆಯ ಸೀರೆಗೆ ಮನೆಯ ಮಗ್ಗದಲ್ಲಿ ಪಾವು ಏರಿಸಿದ ದಿನ ಅವನಿಗೆ ನೆನಪಿತ್ತು. ಗಂಡಿನ ಅಕ್ಕನೇ ಮೊದಲ ನೂಲು ಕಟ್ಟುವುದು ಅವರಲ್ಲಿ ಪದ್ಧತಿ. ಸಾಂತಿ ಅಕ್ಕ ಬೆಳಿಗ್ಗೆಯೇ ತಲೆಸ್ನಾನ ಮಾಡಿ, ಎಳೆ ಜಾರದಂತೆ ಬೆರಳಿಗೆ ಬೂದಿ ಹಚ್ಚಿಕೊಂಡು ಸಿದ್ಧವಾಗಿದ್ದಳು. ಯಾರೂ ಏನೂ ಅಂದಿರಲಿಲ್ಲ. ಅಪ್ಪ ಕೂಡ ಬೇರೆ ಕಡೆ ನೋಡುತ್ತಿದ್ದ, ಬಿಟ್ಟಿದ್ದರೆ ನಡೆದುಹೋಗುತ್ತಿತ್ತು. ಇಪ್ಪತ್ತೆಂಟರ ನವನೀತನ್, ಆಗಲೇ ಎರಡು ಕಥೆ ಅಚ್ಚಾದವನು, ಅಕ್ಕನ ಹತ್ತಿರ ಹೋಗಿ ಮೆಲ್ಲಗೆ, "ಮೊದಲ್ನೇದ್ ಪಕ್ಕದ್ಮನೆಯೋರ್ ಕಟ್ಲಿ ಅಕ್ಕ, ಏತಕ್ಕೆ ಸುಮ್ನೆ" ಎಂದಿದ್ದ. ಅವಳು, ಕಿರಿಯರನ್ನು ಯಾವಾಗಲೂ ಮುದ್ದಿಗೆ ಕರೆಯುವಂತೆ, ಸೆರಿ ಕಣ್ಣು ಎಂದು ಬೂದಿಯನ್ನು ಸೆರಗಿಗೆ ಒರೆಸಿಕೊಂಡಳು. ಮಿಕ್ಕ ಮೂರು ಸಾವಿರ ನೂಲನ್ನೂ ಅವಳೇ ಕಟ್ಟಿದಳು.

"ಅನ್ನೂರು ಬಂತು ಸಾರ್," ಎಂದಳು ತಮಿಳ್‌ಸೆಲ್ವಿ. ಅವನು ಇಳಿಯುವಾಗ ಚಪ್ಪಲಿ ಬಸ್ಸಿನ ಮೆಟ್ಟಿಲಿಗೆ ಸಿಕ್ಕಿ ಮುಗ್ಗರಿಸಿದ. ಅವಳು ತೋಳು ಹಿಡಿದುಕೊಂಡಳು.

ಬೀದಿಯಲ್ಲಿ ಈಗ ಕೈಮಗ್ಗ ಎಂಟೋ ಒಂಬತ್ತೋ ಉಳಿದಿವೆ. ಮಿಕ್ಕವರ ಮನೆಗಳಿಂದ ವಿದ್ಯುತ್ ಮಗ್ಗದ ಸದ್ದು ಬರುತ್ತಿತ್ತು. ಪರಿಚಯದ ಚಿನ್ನಸಾಮಿಯ ಮನೆಗೆ ಬೀಗ. ಅದರ ಪಕ್ಕದ ಮನೆಯ ಬಾಗಿಲಲ್ಲಿ ನಿಂತು ತಮಿಳ್‌ಸೆಲ್ವಿ, "ಇಲ್ಲಿ ಕೈಮಗ್ಗ ಇದೆ ಸಾರ್, ಯಾರೋ ಪಾವು ಕೂಡಿಸುತ್ತಿದ್ದಾರೆ" ಎಂದು ಖುಷಿಯಿಂದ ಒಳಗೆ ಬಗ್ಗಿದಳು. ಅವಳ ಹಿಂದೆ ಬಗ್ಗಿದ ನವನೀತನ್‌ಗೆ ಮೊದಲು ಕಂಡದ್ದು ಬೆರಳುಗಳು. ಮುಖ ಕಾಣುವ ಮುಂಚೆಯೇ ಯಾರ ಬೆರಳೆಂದು ಅವನಿಗೆ ತಿಳಿಯಿತು.

"ಯಾರು, ನವನೀತನಾ? ಬಾ ಕಣ್ಣು. ಏನ್ ತಿಡೀರಂತ?"

"ನೀನು ವೆಳ್ಳಕೋಯಿಲಿಗೆ ಹೋಗ್ಲಿಲ್ವಾ ಅಕ್ಕ?"

"ಎಲ್ ಹೋಗೋದು. ನಿನ್ನೆ ಸಾಯಂಕಾಲ ಇಂದುಜಾ ಮನೆಗೆ ಪಾವು ಬಂದ್ಬಿಡ್ತು. ಅವಳ್ ಗಂಡ ನಾಳಿಕ್ಕೇ ನೆಯ್ಬೇಕಂತಾನೆ. ನಾನ್ ಇಲ್ಲಾಂದ್ರೆ ಆ ಮಗೀಗೆ ಕಿವಿ ಚುಚ್ಚೊಲ್ವಾ ಏನು?" ಎಂದು ನಕ್ಕು, ಹುಡುಗಿಯ ಕಡೆ ತಿರುಗಿ ತಮಿಳಿನಲ್ಲಿ, "ಒಕ್ಕಾರುಂಗ ಅಮ್ಮಿಣಿ" ಎಂದು ಕೂರುವುದಕ್ಕೆ ಚಾಪೆಯನ್ನು ಕಾಲಿನಿಂದಲೇ ಸರಿಸಿಕೊಟ್ಟಳು. ಕೈಗೆ ಬಿಡುವಿರಲಿಲ್ಲ. ಬೂದಿ ಹಚ್ಚಿದ ಎರಡು ಬೆರಳು ಹಳೆಯ ಎಳೆಯನ್ನೂ ಹೊಸ ಎಳೆಯನ್ನೂ ಸೇರಿಸಿ ಒಂದು ತಿರುವು ಕೊಟ್ಟು ಮುಂದಿನದಕ್ಕೆ ಹೋಗುತ್ತಿದ್ದವು. ಮನೆಯ ಸೊಸೆ ಇಂದುಜಾ, ಬೆಳಿಗ್ಗೆ ಮೊದಲ ನೂಲು ಕಟ್ಟಿದವಳು, ಕಾಫಿ ಇಡುತ್ತೇನೆಂದು ಅಡುಗೆಮನೆಗೆ ಹೋದಳು.

"ನಿಮ್ಮ ಅಕ್ಕನಾ ಸಾರ್! ಹೇಳಲೇ ಇಲ್ಲವಲ್ಲ," ಎಂದು ತಮಿಳ್‌ಸೆಲ್ವಿ ಆಗಲೇ ಫೋನು ತೆಗೆದು, ದನಿ ಹಿಡಿಯುವುದಕ್ಕೆಂದು ಚಾಪೆಯ ಮೇಲೆ ಇಟ್ಟಳು. ಇನ್ನು ಮುಂದೆ ಅವಳೂ ಅಕ್ಕನೂ ಆಡಿದ್ದು ತಮಿಳಿನಲ್ಲಿ. ಅಮ್ಮಾ, ಈ ಬೀದಿಯಲ್ಲಿ ಎಂದಾದರೂ ಹೆಂಗಸರು ಪಾವು ಕತ್ತರಿಸಿದ್ದುಂಟಾ, ಎಂದು ಅವಳು ಕೇಳಿದಳು. ಅಕ್ಕ ನಾಲಿಗೆ ಕಚ್ಚಿಕೊಂಡು, "ಬಿಡ್ತು ಅನ್ನಮ್ಮಾ. ಯಾರಾದರೂ ಕತ್ತರಿಸುತ್ತಾರಾ? ಇಲಿ ಕಡಿಯುತ್ತೆ," ಎಂದಳು. ಅಷ್ಟು ಸರಾಗವಾಗಿ ಬಂತು ಆ ಇಲಿ. ನಲವತ್ತಾರು ವರ್ಷ ಸಾಕಿದ್ದು.

"ಆದರೆ ಈ ಕಾದಂಬರಿಯಲ್ಲಿ ಒಬ್ಬಳು ಕತ್ತರಿಸುತ್ತಾಳೆ. ಓದಲಾ? ಎರಡೇ ಪುಟ."

"ಅಕ್ಕನಿಗೆ ಕೆಲಸ ಇದೆ, ತೊಂದರೆ ಕೊಡುವುದು ಬೇಡ," ಎಂದ ನವನೀತನ್.

"ಕೆಲಸ ಕೈಗೆ ತಾನೇ, ಕಿವಿಗೇನು? ಓದಮ್ಮಾ," ಎಂದಳು ಅಕ್ಕ.

ತಮಿಳ್‌ಸೆಲ್ವಿ ಚೆನ್ನಾಗಿ ಓದಿದಳು. ತನ್ನ ವಾಕ್ಯಗಳನ್ನು ಇನ್ನೊಬ್ಬರ ಬಾಯಲ್ಲಿ ಅವನು ಕೇಳುತ್ತಿದ್ದದ್ದು ಇದೇ ಮೊದಲು. ಎದ್ದು ಹೊರಗೆ ಹೋಗಿಬಿಡಬೇಕು ಅನ್ನಿಸುತ್ತಿತ್ತು. ಆದರೂ ಉಂಡು ಮಲಗಿದವರ ಉಸಿರು, ತೊಳೆದ ಕಾಲಿನ ಒದ್ದೆ ಗುರುತು ನೆಲದ ಮೇಲೆ ಆರುತ್ತಿದ್ದದ್ದು, ಎಡದ ಅಂಚಿನಲ್ಲಿ ಕತ್ತರಿ ಮೊದಲ ಸಲ ಕಚ್ಚಿದ್ದು, ಒಂದೊಂದನ್ನೂ ಅವನ ತುಟಿ ಅವಳಿಗಿಂತ ಅರ್ಧ ಕ್ಷಣ ಮುಂಚೆ ಹೇಳಿಕೊಳ್ಳುತ್ತಿತ್ತು. ಒಂದು ಕಡೆ ಅವಳು ಕಾಮಾ ಬಿಟ್ಟು ಓದಿದಾಗ ಅವನಿಗೆ ಸಿಟ್ಟು ಬಂತು. ಚೆನ್ನಾಗಿದೆ, ಎಂದುಕೊಂಡ, ನಿಜವಾಗಿಯೂ ಚೆನ್ನಾಗಿದೆ. ಹಾಗೆ ಅಂದುಕೊಳ್ಳುತ್ತಲೇ ಅಕ್ಕನ ಕಡೆ ನೋಡಿದ. 'ಬಿಗಿ ತಪ್ಪಿದ ಅಚ್ಚು ದಬ್ಬೆಂದು ಮುಂದಕ್ಕೆ ಬಿತ್ತು. ಯಾರಾದರೂ ಎದ್ದರೇನೋ ಎಂದು ಅವಳು ಕಾದಳು. ಯಾರೂ ಏಳಲಿಲ್ಲ' ಎಂಬ ಸಾಲಿಗೆ ಬಂದಾಗ ಬೆರಳುಗಳು ನಿಂತವು. ನೂಲನ್ನು ಬಡಿದು ಕೂರಿಸುವ ಮರದ ಅಚ್ಚು ಬಿದ್ದ ಆ ಸದ್ದು ಲೋಕದಲ್ಲಿ ಅವಳೊಬ್ಬಳು ಕೇಳಿದ್ದು, ಅವನೊಬ್ಬನಿಗೆ ಹೇಳಿದ್ದು. ಒಂದು ಎಳೆ ಕಟ್ಟುವಷ್ಟು ಹೊತ್ತು ಸುಮ್ಮನಿದ್ದು ಬೆರಳುಗಳು ಮತ್ತೆ ಹೊರಟವು. ರಂಗನಾಯಕಿ ತಲೆಯೆತ್ತಿಕೊಂಡು ಬೀದಿಯಲ್ಲಿ ನಡೆದುಹೋದಳು. ಕೊನೆಯ ಅಧ್ಯಾಯದಲ್ಲಿ ಎಲ್ಲ ಹೆಂಗಸರೂ ಸೇರಿ ಇವಳ ಕೈಯಿಂದಲೇ ಮೊದಲ ನೂಲು ಕಟ್ಟಿಸುತ್ತಾರಮ್ಮಾ, ಎಂದು ತಮಿಳ್‌ಸೆಲ್ವಿ ಪುಸ್ತಕ ಮುಚ್ಚುತ್ತ ಹೇಳಿದಳು.

"ಹೌದಾ," ಎಂದಳು ಅಕ್ಕ. "ಬರೆದವರು ಯಾರು?"

"ಈಶ್ವರನ್ ಐಯಾ ಅಮ್ಮಾ. ದೊಡ್ಡ ಬರಹಗಾರರು. ತೀರಿಕೊಂಡು ಎಂಟು ವರ್ಷವಾಯಿತು."

ಅಕ್ಕ ತಲೆಯೆತ್ತದೆ, ದನಿಯನ್ನೂ ಬದಲಾಯಿಸದೆ, ಮನೆಮಾತಿಗೆ ತಿರುಗಿದಳು. ಹುಡುಗಿಗೆ ಕನ್ನಡ ಬಾರದೆಂದು ಅವಳಿಗೆ ಗೊತ್ತಿತ್ತು.

"ಅವರ್ ಪುಸ್ತಕಕ್ಕೆ ತಪ್ಪು ತಿದ್ದೋ ಕೆಲಸ ಅಲ್ವಾ ನಿಂದು?"

"ಹೂಂ ಅಕ್ಕ."

"ಇದನ್ನೂ ತಿದ್ದಿದ್ಯಾ?"

ಹದಿನಾರು ವರ್ಷದವನು ಕೊಟ್ಟ ಮಾತು, ಇಪ್ಪತ್ತೆಂಟರವನು ಆಡಿದ ಮಾತು, ಎಲ್ಲ ಒಟ್ಟಿಗೆ ಮುಂದೆ ಬಂದು ನಿಂತವು. "ಅಕ್ಕ, ನಾನು ಏನಾಯ್ತೂಂದ್ರೆ," ಎಂದು ಶುರು ಮಾಡಿದ.

"ಸುಮ್ನಿರು. ಅಮ್ಮಿಣಿ ಪಾಕ್ತಾಳೆ."

ಇಬ್ಬರ ಮುಖವನ್ನೂ ನೋಡುತ್ತಿದ್ದ ತಮಿಳ್‌ಸೆಲ್ವಿ, ಅಮ್ಮ ಏನು ಹೇಳಿದರು ಸಾರ್, ಎಂದು ಕೇಳಿದ್ದೂ ಆಯಿತು. ಅವನು ಏನಾದರೊಂದು ಹೇಳುವ ಮುಂಚೆ ಅಕ್ಕನೇ ತಮಿಳಿನಲ್ಲಿ ಹೇಳಿದಳು:

"ಅವರು ಇಲ್ಲಿಗೆ ಬಂದಿದ್ದರಮ್ಮಾ, ನಿಮ್ಮ ಈಶ್ವರನ್. ಅದನ್ನೇ ತಮ್ಮನಿಗೆ ಹೇಳುತ್ತಿದ್ದೆ."

ನವನೀತನ್ ಅಕ್ಕನನ್ನೇ ನೋಡಿದ. ಈಶ್ವರನ್ ಈ ಬೀದಿಗೆ ಕಾಲಿಟ್ಟವರಲ್ಲ. ನೇಕಾರರನ್ನು ಅವರು ನೋಡಿದ್ದು ಒಂದು ಸೊಸೈಟಿ ಕಟ್ಟಡದಲ್ಲಿ, ಕುರ್ಚಿಯ ಮೇಲೆ ಕೂತು.

"ಪಂಗುನಿ ತಿಂಗಳು, ಸುಡುಬಿಸಿಲು. ನಮ್ಮನೆ ತಿಣ್ಣೆ ಮೇಲೆ ಕೂತರು. ನೀರುಮಜ್ಜಿಗೆ ಕೊಟ್ಟೆ, ಎರಡು ಚೊಂಬು ಕುಡಿದರು. ಎತ್ತರದ ಮನುಷ್ಯ." ದೊಡ್ಡವರು ಗಿಡ್ಡ, ಮಜ್ಜಿಗೆ ಕಂಡರೆ ಸೀನುತ್ತಿದ್ದರು. "ಕೂತು, 'ಯಾಕಮ್ಮಾ ನೀನು ಗಂಡನ ಮನೆಯಿಂದ ತಿರುಗಿ ಬಂದೆ?' ಎಂದು ಕೇಳಿದರು. ನೋಡಮ್ಮಾ, ಈ ಬೀದಿಯಲ್ಲಿ ಯಾರೂ ನನ್ನ ಕೇಳಿಲ್ಲ. ಎಲ್ಲರೂ ಇಲಿ ಇಲಿ ಅಂತ ಅವರವರೇ ಹೇಳಿಕೊಂಡರು. ಅವರು ಕೇಳಿದರು. ಅವಸರ ಮಾಡಲಿಲ್ಲ. ಸಾಯಂಕಾಲದ ತನಕ ಕೂತು ಕೇಳಿದರು. ಅದಕ್ಕೇ ಹೇಳಿದೆ. ಕತ್ತರಿಸಿದ್ದು ನಾನೇ."

ಅಡುಗೆಮನೆಯ ಬಾಗಿಲಲ್ಲಿ ಮೂರು ಲೋಟ ಹಿಡಿದ ಇಂದುಜಾ ನಿಂತಿದ್ದಳು. ತಮಿಳ್‌ಸೆಲ್ವಿ ಫೋನನ್ನು ಇನ್ನಷ್ಟು ಹತ್ತಿರ ಸರಿಸಿದಳು. ನವನೀತನ್ ತಲೆ ತಗ್ಗಿಸಿ ಕೂತ. ಕೂತು ಕೇಳುವುದು, ಅಷ್ಟೇ ಇತ್ತು ತಾನು ಮಾಡಬೇಕಾದ್ದು. ಒಂದು ತಿಣ್ಣೆ, ಒಂದು ಮಧ್ಯಾಹ್ನ, ಬರೆಯಲಾ ಅಕ್ಕ ಎಂಬ ಒಂದು ಮಾತು. ವಾರಕ್ಕೊಮ್ಮೆ ಬಸ್ಸಿತ್ತು ಎಂದರೆ ಸುಳ್ಳು, ಅರ್ಧ ಗಂಟೆಗೊಂದು ಬಸ್ಸಿತ್ತು.

"ಆದರೆ ಅಮ್ಮಿಣಿ, ಅವರು ಒಂದನ್ನು ಬಿಟ್ಟುಬಿಟ್ಟಿದ್ದಾರೆ," ಎಂದು ಅಕ್ಕ ಮೊದಲ ಸಲ ತಲೆಯೆತ್ತಿದಳು. ನೋಡಿದ್ದು ಹುಡುಗಿಯನ್ನಲ್ಲ. "ನಾನು ಹಾಗೆಲ್ಲ ಎದ್ದು ನಡೆದು ಹೋಗಲಿಲ್ಲ. ಕತ್ತರಿಸಿದ ಮೇಲೆ ಹೆದರಿಕೆಯಾಗಿ ಅಲ್ಲೇ ಕೂತು ತಿರುಗಿ ಕಟ್ಟೋಕೆ ನೋಡಿದೆ. ಅಳುತ್ತಾ ಕಟ್ಟಿದೆ. ನಲವತ್ತು ಎಳೆ ಕಟ್ಟಿದ್ದೆ, ಅತ್ತೆ ಎದ್ದುಬಂದಳು. ಅದನ್ನೂ ಹೇಳಿದ್ದೆ. ಬರೆಯಲಿಲ್ಲ. ಕಟ್ಟಿದ್ದು ಚೆನ್ನಾಗಿರೋಲ್ಲ ಅಂದುಕೊಂಡಿರಬೇಕು. ಈ ಮೊದಲ ನೂಲಿನ ವಿಷಯ ಮಾತ್ರ ನಾನು ಹೇಳಿದ್ದಲ್ಲ, ಅದು ಅವರ ಆಸೆ, ಪಾಪ. ಯಾರು ಕಟ್ಟಿಸುತ್ತಾರೆ?"

ಇಂದುಜಾ ಲೋಟಗಳನ್ನು ಕೆಳಗಿಟ್ಟಳು. ಮಗ್ಗಕ್ಕೂ ಅಕ್ಕನಿಗೂ ನಡುವೆ ಬಂದು ನಿಂತು, ಕಟ್ಟಿ ಮುಗಿದ ಎಳೆಗಳನ್ನೂ ಕಟ್ಟದೆ ಮಿಕ್ಕ ಎಳೆಗಳನ್ನೂ ಒಮ್ಮೆ ನೋಡಿದಳು. ಒಳ್ಳೆಯ ಹುಡುಗಿ, ಅವಳ ಮಾತಿನಲ್ಲಿ ಮರ್ಯಾದೆ ಒಂದಿಷ್ಟೂ ಕಡಿಮೆಯಾಗಲಿಲ್ಲ.

"ಅತ್ತೆ, ಸಾಕು ಬಿಡಿ. ಮಿಕ್ಕಿದ್ದು ನಾಳಿಕ್ಕೆ ನಾವ್ ಯಾರಾದ್ರೂ ಪಾತ್ಕೊತೀವಿ. ನೀವ್ ಎದ್ದು ಕಾಫಿ ಕುಡೀರಿ."

"ಸೆರಿ ಕಣ್ಣು," ಎಂದಳು ಅಕ್ಕ. ಹಿಡಿದಿದ್ದ ಎಳೆಯನ್ನು ಪೂರ್ತಿ ಹೊಸೆದು, ಜಗ್ಗಿ ನೋಡಿ, ಬಿಟ್ಟಳು. ಇನ್ನು ಈ ಬೀದಿಯ ಯಾವ ಮನೆಯಿಂದಲೂ ಅವಳಿಗೆ ಕರೆ ಬರುವುದಿಲ್ಲ. ಅದು ಗೊತ್ತಿದ್ದೇ ಅವಳು ಬಾಯಿ ತೆರೆದದ್ದು. ತಮ್ಮ ಕದ್ದ ಎನ್ನುವುದಕ್ಕಿಂತ ಯಾರೋ ಬಂದು ಕೇಳಿದರು, ತಾನೇ ಕೊಟ್ಟೆ ಎನ್ನುವುದು ಅವಳಿಗೆ ಬೇಕಾಗಿತ್ತು.

"ಸಾರ್," ಎಂದಳು ತಮಿಳ್‌ಸೆಲ್ವಿ. ಕಣ್ಣಲ್ಲಿ ನೀರಿತ್ತು. "ಐಯಾ ಅವರ ಟಿಪ್ಪಣಿಯಲ್ಲಿ ಇದು ಇತ್ತಲ್ಲವಾ? ಅನ್ನೂರಿಗೆ ಬಂದದ್ದು? ಅಮ್ಮನ ಹೆಸರು? ನೀವೇ ಜೋಡಿಸಿದ್ದಲ್ಲವಾ, ನೀವು ಹೌದೆಂದರೆ ಸಾಕು, ನಾನು ಬರೆಯುತ್ತೇನೆ."

ಏಳು ಅಧ್ಯಾಯವೂ ಹೋಯಿತು, ಎಂದಿತು ಅವನ ಎದೆ. ಅಕ್ಕನ ಅನ್ನ ಹೋಯಿತು ಎಂದಲ್ಲ, ಅದಕ್ಕೆ ಮುಂಚೆ ಇದು. ಇವತ್ತಿನ ನಂತರ ಆ ಪುಟಗಳು ಎಂದೆಂದಿಗೂ ನನ್ನವಲ್ಲ. ಅದೇ ಮೊದಲು ಬಂತೆಂಬುದನ್ನು ಅವನು ಸ್ಪಷ್ಟವಾಗಿ ಕಂಡ, ಕಂಡು ಅಲ್ಲಿ ಕೂರಲಾರದಷ್ಟು ನಾಚಿದ. ಟಿಪ್ಪಣಿ ಇಲ್ಲಮ್ಮಾ, ಬರೆದವನು ನಾನು, ಎಂದರೆ ನಿಜವಾಗುತ್ತದೆ. ಅಕ್ಕ ಈಗಷ್ಟೇ ತಿಣ್ಣೆಯ ಮೇಲೆ ಕೂರಿಸಿದ ಆ ಎತ್ತರದ ಮನುಷ್ಯ ಎದ್ದುಹೋಗುತ್ತಾನೆ.

"ಆಮಾ," ಎಂದ. "ಟಿಪ್ಪಣಿಯಲ್ಲಿ ಇತ್ತು. ಪಂಗುನಿ ತಿಂಗಳು, ಅನ್ನೂರು. ಅಕ್ಕನ ಹೆಸರೂ ಇತ್ತು."

ತಮಿಳ್‌ಸೆಲ್ವಿ ಬರೆದುಕೊಳ್ಳತೊಡಗಿದಳು. ಅಕ್ಕ ಬೆರಳಿನ ಬೂದಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅವನ ಪಕ್ಕಕ್ಕೆ ಸರಿದು ಕೂತಳು. ಹುಡುಗಿಗೆ ಅರ್ಥವಾಗದ ಮನೆಮಾತಿನಲ್ಲಿ, ಆದರೂ ದನಿ ತಗ್ಗಿಸಿ, ಕೇಳಿದಳು:

"ಎಂಗೆ ಬರ್ದಿದ್ರು ಕಣ್ಣು? ಬರೀ ಸಾಂತೀಂತಲಾ?"

ಅವನು ಅವಳ ಮುಖದಲ್ಲಿ ಗೇಲಿ ಹುಡುಕಿದ. ಇರಲಿಲ್ಲ. ಅವಳು ಕಾಯುತ್ತಿದ್ದಳು.

"ಇಲ್ಲಕ್ಕ," ಎಂದ. "ಸಾಂತಿಯಮ್ಮಾಂತ."

"ಸೆರಿ," ಎಂದು ಅವಳು ಕಾಫಿಯ ಲೋಟ ಎತ್ತಿಕೊಂಡಳು.